ಒಂದು ಸಾಲು ಎಡಕ್ಕೆ

ಭಾವ, ಭಾಮೈದ ಸೇರಿ ನಡೆಸುತ್ತಿದ್ದ ಪುಟ್ಟ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಎರಡು ಮತಗಳಿದ್ದವು. ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ‘ಹೀಗಾದರೆ’ ಎಂಬ ಷರತ್ತಿಗೆ ಸೇರಿದ ಸಾಲುಗಳನ್ನು ಚೂರು ಒಳಕ್ಕೆ ಸರಿಸಿದರೆ ಸಾಕು, ಕಣ್ಣಿಗೆ ಕಂಡದ್ದನ್ನೇ ಯಂತ್ರವೂ ನಂಬುತ್ತದೆ ಎನ್ನುವುದು ಭಾಮೈದನ ಮತ. ಕೊನೆಯಲ್ಲಿ ‘ಮುಗಿಯಿತು’ ಎಂದು ಬರೆಯಲೇಬೇಕು ಎನ್ನುವುದು ಭಾವನದು.

"ಬಾಗಿಲು ಮುಚ್ಚಿದ್ರೆ ಆಯ್ತೇನೋ? ಅಗುಳಿ ಬೇಡ್ವಾ?"

"ಮುಗಿಯಿತು ಅಂದ್ರೆ ಮುಗಿಯುತ್ತಾ, ಭಾವ? ಅಧ್ಯಕ್ಷರು ‘ಕೊನೆಯದಾಗಿ’ ಅಂತಾರಲ್ಲ, ಹಾಗೇ ಅದು."

ಸಭಾಂಗಣದ ಅಧ್ಯಕ್ಷರು ‘ಕೊನೆಯದಾಗಿ’ ಎಂದಾಗ ಚಪ್ಪಲಿ ಮೆಟ್ಟಿಕೊಂಡವರು ಮತ್ತೆ ಬಿಚ್ಚಿಡಬೇಕಾಗುತ್ತಿತ್ತು. ಉಳಿದವರ ಮಾತಿಗೆ ಲಗಾಮು ಬೇಕೆಂದು, ಸಮಯ ಮೀರಿದರೆ ಮೈಕ್ ಆರಿಸುವ ಪೆಟ್ಟಿಗೆ ಕೇಳಿದವರೂ ಅವರೇ. ಅವರು ಒಪ್ಪದಿದ್ದರೆ ಅಂಗಡಿಗೆ ಬೀಗ. ಬೇರೆ ಕೆಲಸ ಕೈಯಲ್ಲಿರಲಿಲ್ಲ. ಭಾಮೈದ ತನ್ನ ರೀತಿಯಲ್ಲೇ ಬರೆದ: ಸಮಯ ಮೀರಿದರೆ, ಅದರ ಒಳಗೆ ಎರಡು ಸಾಲು. ಗಂಟೆ ಬಾರಿಸು, ಮೈಕ್ ಆರಿಸು.

ಪೆಟ್ಟಿಗೆಯ ಪರೀಕ್ಷೆಯ ದಿನ ಬೆಳಿಗ್ಗೆ ಭಾವ ಅದನ್ನು ತೆರೆದು ನೋಡಿದ. ಕೈ ಸುಮ್ಮನಿರಲಿಲ್ಲ. ಗಂಟೆಯ ಸಾಲಿನ ಕೆಳಗೆ ‘ಮುಗಿಯಿತು’ ಎಂದು ಸೇರಿಸಿದ. ಯಂತ್ರ ಒಪ್ಪಲಿಲ್ಲ, ಅಳಿಸಿದ. ಅಳಿಸುವ ಭರದಲ್ಲಿ ಮುಂದಿನ ಸಾಲಿನ ಖಾಲಿ ಜಾಗವೂ ಹೋಗಿ, ‘ಮೈಕ್ ಆರಿಸು’ ಷರತ್ತಿನಿಂದ ಹೊರಬಿತ್ತು. ಪೆಟ್ಟಿಗೆ ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿತ್ತು. ಇನ್ನು ಸಮಯ ಮೀರಲಿ ಬಿಡಲಿ, ನೋಡಿದೊಡನೆ ಮೈಕ್ ಆರಿಸುವುದೇ.

ಸಭೆಯಲ್ಲಿ ಅಧ್ಯಕ್ಷರು ಎದ್ದು ಗಂಟಲು ಸರಿಮಾಡಿಕೊಂಡು, ವೇದಿಕೆಯ ಮೇಲಿದ್ದವರನ್ನೆಲ್ಲ ಸ್ಮರಿಸಿದರು. "ನಾನು ಹೆಚ್ಚು ಮಾತಾಡುವುದಿಲ್ಲ" ಎಂದರು. ಮೈಕ್ ಆರಿತು.

ಭಾಮೈದ ಕುಳಿತಲ್ಲಿಂದ ಎದ್ದುಬಿಟ್ಟ. ಅಷ್ಟರಲ್ಲಿ ಸಭೆಯ ಹಿಂದಿನ ಸಾಲಿನಿಂದ ಚಪ್ಪಾಳೆ ಎದ್ದು, ಮುಂದಿನ ಸಾಲಿಗೆ ಹಬ್ಬಿತು, ನಿಲ್ಲುವ ಸುಳಿವೇ ಕಾಣಲಿಲ್ಲ. ಅಧ್ಯಕ್ಷರು ಕೈಮುಗಿದು ಕುಳಿತರು. ಕಣ್ಣು ಒದ್ದೆಯಾಗಿತ್ತು.

"ಇಷ್ಟು ಚಪ್ಪಾಳೆ ನನ್ನ ಜನ್ಮದಲ್ಲೇ ಕಂಡಿಲ್ಲ. ಪೆಟ್ಟಿಗೆ ಇರಲಿ" ಎಂದರು.

ಭಾಮೈದ ವೇದಿಕೆಯ ಪರದೆ ಹಿಂದೆ ಹೋಗಿ ತಪ್ಪು ಹುಡುಕಿದ, ಕಂಡಿತು. ಸಾಲನ್ನು ಒಳಕ್ಕೆ ಸರಿಸಲು ಕೈ ಹೋಯಿತು. ಸಭಾಂಗಣದ ಕಾರ್ಯದರ್ಶಿ ಓಡಿಬಂದು ಮಣಿಕಟ್ಟು ಹಿಡಿದುಕೊಂಡರು.

"ಪುಣ್ಯಾತ್ಮ, ಉಳಿದವರಿಗೆ ಬೇಕಾದ್ರೆ ಸರಿಮಾಡ್ಕೋ. ಅಧ್ಯಕ್ಷರ ಮೈಕಿಗೆ ಮಾತ್ರ ಹೀಗೇ ಇರ್ಲಪ್ಪ."

"ಇದು ತಪ್ಪು, ಸಾರ್."

"ತಪ್ಪಾದ್ರೆ ಏನಂತೆ? ಊಟಕ್ಕೆ ಹೊತ್ತಿಗೆ ಸರಿಯಾಗಿ ಹೋಗ್ತಿದೀವಲ್ಲ!"

ಭಾವ ಹಿಂದೆ ನಿಂತು ತಲೆ ಕೆರೆದುಕೊಂಡ. "ಆ ಸಾಲು ಯಾಕೋ ವಕ್ರವಾಗಿದೆ ಅಲ್ವಾ? ನೆಟ್ಟಗೆ ಮಾಡ್ಲಾ?"

ಭಾಮೈದ ಅವನ ಕೈ ದೂಡಿದ. ಜನ್ಮದಲ್ಲಿ ಬರೆಯುವುದಿಲ್ಲ ಎಂದಿದ್ದವನು ಆ ಸಾಲನ್ನು ಹೊರಗೇ ಬಿಟ್ಟು, ಯಂತ್ರ ಓದದೆ ಬಿಡುವ ಟಿಪ್ಪಣಿಯಾಗಿ, ಗಂಟೆಯ ಸಾಲಿನ ಕೆಳಗೆ ಬರೆದ: ಮುಗಿಯಿತು.

ಅದು ಯಂತ್ರಕ್ಕಲ್ಲ, ಭಾವನಿಗೆ.