ಬದರೀನಾಥನ ಬಾಗಿಲಿಗೆ ಬಂದ ಹಿಮ

ಈ ಕತೆಯಲ್ಲಿ ಸುಳ್ಳೇನಾದರೂ ಇದ್ದರೆ ನೈರೋಬಿಯ ಬಿಸಿಲಿಗೆ ಸಿಕ್ಕ ಆಲಿಕಲ್ಲಿನ ಹಾಗೆ ನೀವು ಓದುತ್ತಿರುವಾಗಲೇ ಕರಗಿಹೋಗಲಿ. ಕರಗದೆ ಉಳಿದದ್ದನ್ನು ನಿಜವೆಂದು ನಂಬಬೇಕು.

ನಂಬುವುದೊಂದು ಮಾತ್ರ ಬದರೀನಾಥನಿಂದ ಆಗದ ಕೆಲಸ. ಬೆಂಗಳೂರಿನ ಟೆಲಿಕಾಂ ಕಂಪನಿ ಅವನನ್ನು ಇಲ್ಲಿಗೆ ಕಳಿಸಿದಾಗ ವೀಸಾದ ಮುದ್ರೆಯನ್ನೂ ಬೆರಳಿನಿಂದ ಉಜ್ಜಿ ನೋಡಿದ್ದ. ನೈರೋಬಿಯ ಪಂಗಾನಿ ಬಡಾವಣೆಯ ಕಾಂಪೌಂಡಿನಲ್ಲಿ ಮನೆ ಮಾಡಿದ ಮೇಲೆ ಅವನ ಅನುಮಾನಕ್ಕೆ ಕಾಯಂ ವಿಳಾಸವೇ ಸಿಕ್ಕಿತು: ಮೇಲಿನ ಮನೆಯ ಹರ್ಬರ್ಟ್. ಮಂಗಳೂರಿನ ಈ ಪುಣ್ಯಾತ್ಮ ಹಗಲೆಲ್ಲ ಎಂಬಕಸಿಯ ವಿಮಾನ ನಿಲ್ದಾಣದಲ್ಲಿ ಸರಕು ಏರಿಸಿ, ಸಂಜೆ ಊರವರ ದನಿಗಳನ್ನು ತನ್ನ ಗಂಟಲಿಗೆ ಇಳಿಸಿಕೊಳ್ಳುತ್ತಿದ್ದ. ಒಮ್ಮೆ ಬದರಿಯ ಬಾಸಿನ ದನಿಯಲ್ಲಿ ‘ಗೇಟಿನ ಹತ್ತಿರ ಇದ್ದೇನೆ, ಬಾ’ ಎಂದು ಇಂಟರ್‌ಕಾಮಿನಲ್ಲಿ ಹೇಳಿ, ಭಾನುವಾರ ಮಧ್ಯಾಹ್ನ ಅವನನ್ನು ಟೈ ಕಟ್ಟಿಸಿ ಬಿಸಿಲಲ್ಲಿ ನಿಲ್ಲಿಸಿದ್ದ. ಆದರೆ ಹರ್ಬರ್ಟನಿಗೆ ಹೆಸರು ತಂದದ್ದು ಕಾಂಪೌಂಡ್ ಸಂಘದ ಅಧ್ಯಕ್ಷ ದ್ವಾರಕಾನಾಥರ ದನಿ. ಮೂಗಿನಿಂದ ಹೊರಡುವ ಮೈಸೂರು ಕನ್ನಡ, ಒಂದು ಕೆಮ್ಮು, ಆಮೇಲೊಂದು ‘ತಿಳೀತೇ?’

ಅಕ್ಟೋಬರಿನ ಆ ಶನಿವಾರ ಬದರಿಯ ಹೆಂಡತಿ ನಿರುಪಮಾ ದಸರಾ ಗೊಂಬೆ ಕೂರಿಸಿದ್ದಳು. ಮೇಲಿನ ಮೆಟ್ಟಿಲಲ್ಲಿ ಮರದ ಪಟ್ಟದ ಗೊಂಬೆಗಳು. ನೆಲಕ್ಕೆ ಅಂಟಿದ ಕೆಳಗಿನ ಸಾಲಿನಲ್ಲಿ ಮಣ್ಣಿನ ಶೆಟ್ಟಿ, ಶೆಟ್ಟಮ್ಮ, ಅವರ ದಿನಸಿ ಅಂಗಡಿ. ಅಜ್ಜಿಯ ಕಾಲದ ಆ ಜೋಡಿಯನ್ನು ಅವಳು ಮೈಸೂರಿನಿಂದ ಮಡಿಲಲ್ಲೇ ಇಟ್ಟುಕೊಂಡು ತಂದಿದ್ದಳು. ಸಂಜೆ ಅರಿಶಿನ ಕುಂಕುಮಕ್ಕೆ ಹತ್ತಾರು ಮಂದಿ ಬರುವವರಿದ್ದರು.

ಮಧ್ಯಾಹ್ನ ಆಲಿಕಲ್ಲಿನ ಮಳೆ ಬಿತ್ತು. ನಿಂತಾಗ ಅಂಗಳವೆಲ್ಲ ಬೆಳ್ಳಗೆ, ನಡುನಡುವೆ ಜಕರಂಡದ ನೇರಳೆ ಹೂವು. ಇಂಟರ್‌ಕಾಮ್ ಹೊಡೆದುಕೊಂಡಿತು.

“ಬದರೀನಾಥ್, ಅವರವರ ಮನೆ ಮುಂದಿನ ಐಸು ಅವರವರೇ ತೆಗೀಬೇಕು. ಸಂಘದ ನಿಯಮ.” ಕೆಮ್ಮು. “ನಿಮ್ಮದು ತಗ್ಗಿನ ಮನೆ. ಚರಂಡಿ ಬಾಯಿ ಕಟ್ಟಿದೆ, ಕರಗಿದ್ರೆ ನೀರು ನಿಮ್ಮ ಹಾಲಿಗೇ ನುಗ್ಗೋದು. ತಿಳೀತೇ?”

“ಐಸ್ ತೆಗೆಯೋ ನಿಯಮ, ಈ ನೈರೋಬಿಲಿ?”

“ಬದರೀನಾಥ ಅಂತ ಹೆಸರಿಟ್ಕೊಂಡು ಹಿಮಕ್ಕೆ ಹಿಂಜರಿದ್ರೆ ಹೇಗ್ರೀ.”

ಅಲ್ಲಿಗೆ ಬದರಿಗೆ ಖಾತ್ರಿಯಾಯಿತು. ಅಧ್ಯಕ್ಷರು ತಮಾಷೆ ಮಾಡಿದ್ದನ್ನು ಕಾಂಪೌಂಡಿನಲ್ಲಿ ಯಾರೂ ಕೇಳಿರಲಿಲ್ಲ. “ಕೆಮ್ಮು ಒಂಚೂರು ಜಾಸ್ತಿ ಆಯ್ತು ಹರ್ಬರ್ಟ್. ಉಳಿದದ್ದು ಫಸ್ಟ್ ಕ್ಲಾಸ್,” ಎಂದು ಇಂಟರ್‌ಕಾಮ್ ಇಟ್ಟುಬಿಟ್ಟ.

“ಯಾರ್ರೀ ಅದು?” ಎಂದಳು ನಿರುಪಮಾ.

“ಮೇಲ್ಮನೆಯ ಅಧ್ಯಕ್ಷರು. ನಾನು ಐಸ್ ಬಾಚೋದನ್ನ ಬಾಲ್ಕನಿಯಿಂದ ನೋಡ್ಬೇಕಂತೆ.”

“ಐಸ್ ಕರಗಿದ್ರೆ ನೀರು ಒಳಗೆ ಬರಲ್ವಾ? ಕೆಳಗಿನ ಸಾಲೆಲ್ಲ ಮಣ್ಣಿಂದು ರೀ.”

“ಏನೂ ಬರಲ್ಲ, ಸುಮ್ನಿರು.”

ಟೈ ಕಟ್ಟಿದ ಭಾನುವಾರ ಬದರಿಯ ಕುತ್ತಿಗೆಯನ್ನು ಇನ್ನೂ ಬಿಗಿಯುತ್ತಿತ್ತು. ಅಧ್ಯಕ್ಷರ ದನಿಯನ್ನು ಹರ್ಬರ್ಟನ ಬಾಯಲ್ಲಿ ಎಷ್ಟು ಸಲ ಕೇಳಿದ್ದನೆಂದರೆ ಅದು ಅವನಿಗೂ ಬಾಯಿಪಾಠವಾಗಿತ್ತು. ಮೂಗು ಹಿಡಿದು ಮೇಲಿನ ಮನೆಗೆ ಇಂಟರ್‌ಕಾಮ್ ಮಾಡಿದ.

“ಹರ್ಬರ್ಟ್, ಮೇಲಿನ ಮನೆಯವರಿಗೆ ಬಾಗಿಲ ಮುಂದೆ ಅಂಗಳ ಇಲ್ಲ. ಆದ್ದರಿಂದ ಚರಂಡಿವರೆಗಿನ ಐಸೆಲ್ಲ ನಿಮ್ಮ ಜವಾಬ್ದಾರಿ.” ಕೆಮ್ಮಿದ. “ತಿಳೀತೇ?”

ಅತ್ತ ಕಡೆಯಿಂದ, “ಆಯ್ತು ಸರ್.”

ಇಷ್ಟು ಸಲೀಸಾಗಿ ಒಪ್ಪಿದನೇ? ಬದರಿ ಪರದೆಯ ಸಂದಿಗೆ ಕಣ್ಣಿಟ್ಟ. ಹರ್ಬರ್ಟ್ ಗಮ್‌ಬೂಟು ಹಾಕಿ, ಕೈಗೆ ಕಾಲುಚೀಲ ಏರಿಸಿ, ಕೇಕು ಬೇಯಿಸುವ ತಟ್ಟೆ ಹಿಡಿದು ಇಳಿದುಬಂದ. ಬಗ್ಗಿ ಬಾಚಿದ, ಬಾಚಿ ಎಸೆದ. ನಟನೆಯೇ ಇರಬೇಕು. ಆದರೆ ನಟನೆಗೆ ಯಾರಾದರೂ ಇಷ್ಟು ಬೆವರುತ್ತಾರೆಯೇ? ತಿರುಗಿ ಒಮ್ಮೆಯೂ ತನ್ನ ಕಿಟಕಿಯತ್ತ ನೋಡುತ್ತಿಲ್ಲವೇಕೆ? ಹಾಗಾದರೆ ಮೊದಲು ಇಂಟರ್‌ಕಾಮಿನಲ್ಲಿ ಮಾತಾಡಿದ್ದು ನಿಜವಾದ ಅಧ್ಯಕ್ಷರೇ ಏನು?

“ರೀ, ಹೊಸ್ತಿಲು.”

ಬಿಸಿಲು ಬಂದಿತ್ತು. ಹೊಸ್ತಿಲ ಮೇಲಿಂದ ತಣ್ಣನೆಯ ನೀರು ನೇರಳೆ ಹೂ ತೇಲಿಸಿಕೊಂಡು ಶೆಟ್ಟಿಯ ಅಂಗಡಿಗೆ ಗಿರಾಕಿಯ ಹಾಗೆ ಬರುತ್ತಿತ್ತು. ನಿರುಪಮಾ ಸೆರಗನ್ನೇ ಅಡ್ಡ ಹಾಕಿದಳು; ಬದರಿ ತೊಟ್ಟಿದ್ದ ಹೊಸ ಜುಬ್ಬಾ ಕಳಚಿ ಒಡ್ಡು ಕಟ್ಟಿದ. ನೀರು ಅದನ್ನೂ ದಾಟಿತು. ಶೆಟ್ಟಮ್ಮನ ಕಾಲಿಗೆ ಇನ್ನು ಗೇಣುದ್ದ ಇರುವಾಗ ಹೊರಗೆ ಚರಂಡಿ ಗೊಳಗೊಳ ಎಂದಿತು. ಹರ್ಬರ್ಟ್ ಅದರ ಬಾಯಿ ಬಿಡಿಸಿದ್ದ. ನೀರು ಹಿಂದೆ ಸರಿಯಿತು.

ಬದರಿ ಬನಿಯನ್ನಿನಲ್ಲೇ ಬಾಗಿಲಿಗೆ ಬರುವುದಕ್ಕೂ ಪೊರಕೆ ಹಿಡಿದ ದ್ವಾರಕಾನಾಥರು ಜಾರದಂತೆ ಹೆಜ್ಜೆ ಅಳೆಯುತ್ತ ಬರುವುದಕ್ಕೂ ಸರಿಹೋಯಿತು.

“ಹರ್ಬರ್ಟ್, ನಿಮಗೆ ನಾನು ಹೇಳೇ ಇರಲಿಲ್ಲವಲ್ಲ,” ಎಂದರು ಅವರು. “ನಾನು ಹೇಳಿದ್ದು ಬದರೀನಾಥರಿಗೆ. ಅವರು, ಕೆಮ್ಮು ಜಾಸ್ತಿ ಆಯ್ತು ಅಂದ್ರು.”

ಹರ್ಬರ್ಟ್ ತಟ್ಟೆ ಹಿಡಿದೇ ನಿಧಾನ ನೆಟ್ಟಗಾದ. “ಹಾಗಾದ್ರೆ ನನಗೆ ಹೇಳಿದ್ದು ಯಾರು?”

ಬದರಿಗೆ ಓಡಲು ಜಾಗವಿರಲಿಲ್ಲ. ಎಲ್ಲ ಕಡೆ ಜಾರಿಕೆ. ಮೂಗು ಹಿಡಿದ, ಕೆಮ್ಮಿದ. “ನಾನೇ. ತಿಳೀತೇ?”

ಅಧ್ಯಕ್ಷರು ತಮ್ಮದೇ ದನಿಯನ್ನು ಬನಿಯನ್ನಿನಲ್ಲಿ ಕಂಡು ಬೆಪ್ಪಾದರು. ಹರ್ಬರ್ಟ್ ಮರಗಟ್ಟಿದ ಕೈಗಳನ್ನು ನೋಡಿಕೊಂಡ, ತಟ್ಟೆಯನ್ನು ನೋಡಿದ, ತಾನೇ ಪೇರಿಸಿದ ಐಸಿನ ರಾಶಿಯ ಮೇಲೆ ಕುಸಿದು ಕೂತ. “ನನ್ನ ಮಾಲನ್ನು ನನಗೇ ಮಾರಿದೆಯಲ್ಲ ಮಾರಾಯ,” ಎಂದ.

ನಿರುಪಮಾ ನಕ್ಕಳು. ಅಧ್ಯಕ್ಷರು ಕೆಮ್ಮುವ ನೆಪದಲ್ಲಿ ನಕ್ಕರು. ಈ ನಗುವಿನಲ್ಲೂ ಏನೋ ಇರಬಹುದೆಂದು ಬದರಿ ಸ್ವಲ್ಪ ತಡೆದು ನಕ್ಕ. ಇವರೆಲ್ಲರ ನಗುವನ್ನೂ ಮುಳುಗಿಸಿ, ಕೂತಲ್ಲೇ ಒದ್ದೆಯಾಗುತ್ತ, ಕಾಲುಚೀಲದ ಕೈಗಳಿಂದ ಹೊಟ್ಟೆ ಹಿಡಿದುಕೊಂಡು ಹರ್ಬರ್ಟ್ ನಗುತ್ತಿದ್ದ.