ಹೊಡೆಯದೆ ಉಳಿದ ಐದು

ಆ ಗಡಿಯಾರವನ್ನು ನಿಲ್ಲಿಸಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಪ್ಪನ ಜೀವ ಹೋದ ಗಳಿಗೆಗೆ ಅದು ತಾನಾಗಿ ನಿಂತಿತೆಂದು ಈ ಪರದೇಶದ ಊರು ಹ್ಯಾಮಿಲ್ಟನ್ನಿನ ಕನ್ನಡದವರೆಲ್ಲ ಒಂದು ವರ್ಷ ನಂಬಿದರು. ರೊಟೊಟೂನ ಬಡಾವಣೆಯ ನಮ್ಮ ಮನೆಗೆ ಬಂದು, ಅದರ ಮುಂದೆ ಕೈ ಮುಗಿದು, ಚಹಾ ಕುಡಿದು ಹೋದರು. ನಾನು ಅವರ ಚಪ್ಪಲಿಗಳನ್ನು ದಾಟಿಕೊಂಡು ನನ್ನ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಅದು ಫ್ರೀಸ್‌ಲ್ಯಾಂಡಿನದು. ಹಾಲೆಂಡಿನ ಉತ್ತರದ ಸೀಮೆ. ಗೋಡೆಗೆ ಹಾಕುವ ಮರದ ಪೀಠ, ಮೇಲೊಂದು ಪುಟ್ಟ ಮಾಡು, ಎರಡೂ ಬದಿಗೆ ಮೀನಿನ ಬಾಲದ ಹೆಂಗಸರು, ಮುಖದ ಮೇಲೆ ಬಣ್ಣ ಮಾಸಿದ ಹಡಗು, ಕೆಳಗೆ ಸರಪಳಿಗೆ ತೂಗುವ ಸೀಸದ ಗುಂಡುಗಳು. ಪುಕೆಕೊಹೆಯಲ್ಲಿ ಈರುಳ್ಳಿ ಬೆಳೆಯುತ್ತಿದ್ದ ವೀಬೆ ಎಂಬ ಮುದುಕ ತನ್ನ ಅಜ್ಜನ ಈ ಗಡಿಯಾರವನ್ನು ಬಿಡಿಬಿಡಿಯಾಗಿ ಎರಡು ಈರುಳ್ಳಿ ಚೀಲದಲ್ಲಿ ತುಂಬಿ ಅಪ್ಪನ ಕೈಗೆ ಕೊಟ್ಟಿದ್ದ.

ಅಪ್ಪ, ಅಂದರೆ ಮೃತ್ಯುಂಜಯ, ಹಾಲಿನ ಪುಡಿ ಕಾರ್ಖಾನೆಯಲ್ಲಿ ಇಂಜಿನಿಯರ್. ವಾರದ ಐದು ದಿನ ಅಲ್ಲಿ, ಎರಡು ದಿನ ಗ್ಯಾರೇಜಿನಲ್ಲಿ. ಡಚ್ಚರ ಏಳು ಹಳೆ ಗಡಿಯಾರ ರಿಪೇರಿ ಮಾಡಿ ಕೂಡಿಹಾಕಿದ್ದ. ಇದೊಂದಕ್ಕೇ ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕು ವರ್ಷದೊಳಗೇ ನಾನು ಶಾಲೆ ಬಿಟ್ಟೆ. ಅದು ಅವನಿಗೆ ಗೊತ್ತಾದದ್ದು ಶಾಲೆಯವರ ಇಮೇಲ್ ಬಂದ ಮೇಲೆ.

"ಎರಡು ನೂರು ವರ್ಷದ ಹಲ್ಲು ಸವೆದ ಗಾಲಿ ದಾರಿಗೆ ಬಂತು. ನೀ ಬರಲಿಲ್ಲ ನೋಡು," ಅಂದ.

"ನನ್ನನ್ನೂ ಚೀಲದಾಗ ತುಂಬಿ ಗ್ಯಾರೇಜಿನಾಗ ಇಡಬೇಕಿತ್ತು. ಆಗರೆ ನೋಡ್ತಿದ್ದಿ," ಅಂದಿದ್ದೆ.

ಈ ಗಡಿಯಾರಕ್ಕೆ ಎರಡು ಘಂಟೆ. ದೊಡ್ಡದು ಪೂರ್ತಿ ತಾಸಿಗೆ, ಸಣ್ಣದು ಅರ್ಧ ತಾಸಿಗೆ. ಡಚ್ಚರ ಪದ್ಧತಿ ಹೇಗೆಂದರೆ, ಅರ್ಧ ತಾಸಿಗೆ ಮುಂದೆ ಬರುವ ತಾಸಿನ ಲೆಕ್ಕ ಹೊಡೆಯುತ್ತದೆ. ನಾಲ್ಕೂವರೆಗೆ ಸಣ್ಣ ಘಂಟೆಯಲ್ಲಿ ಐದು. ಹೊಡೆಯುವುದಕ್ಕೆ ನಾಲ್ಕೈದು ನಿಮಿಷ ಮೊದಲು ಒಳಗೆ ಕಟ್ ಎನ್ನುತ್ತದೆ. ಹೊಡೆಯುವ ಗಾಲಿಗಳು ಕೊಂಚ ಸರಿದು, ಕಾದು ನಿಲ್ಲುವ ಸದ್ದು ಅದು. ಅಪ್ಪ ಅದಕ್ಕೆ ಉಸುರು ತಗೊಳ್ಳೋದು ಅನ್ನುತ್ತಿದ್ದ. ಒಮ್ಮೆ ಉಸುರು ತಗೊಂಡಿತೆಂದರೆ ಹೊಡೆದು ಮುಗಿಯುವ ತನಕ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಫೋನು ಬಂದರೂ ಇಲ್ಲ, ಬಾಗಿಲು ಬಡಿದರೂ ಇಲ್ಲ.

ಆ ಶನಿವಾರ ನಾನು ಟೈರ್ ಅಂಗಡಿಯಿಂದ ಬಂದು ಬೂಟು ಬಿಚ್ಚುತ್ತಿದ್ದೆ.

"ಸೋಮವಾರದಿಂದ ನೈಟ್ ಕ್ಲಾಸ್. ನಿನ್ನ ಹೆಸರು ಕೊಟ್ಟೀನಿ," ಅಂದ ಅಪ್ಪ.

"ನನ್ನ ಒಂದು ಮಾತು ಕೇಳಿದಿ?"

"ಕೇಳಿದ್ರ ಏನು ಹೇಳ್ತಿದ್ದಿ? ಸಾಯೋ ತನಕ ಟೈರ್ ಉರುಳಸ್ತೀನಿ ಅಂತಿದ್ದಿ."

ನಾನು ಬಾಯಿ ತೆರೆದೆ. ವರ್ಷಗಟ್ಟಲೆ ಗಂಟಲಲ್ಲಿ ಇಟ್ಟುಕೊಂಡಿದ್ದು ಈಚೆ ಬರಲಿತ್ತು. ಅಷ್ಟರಲ್ಲಿ ಗಡಿಯಾರ ಕಟ್ ಎಂದಿತು. ಅಪ್ಪ ಕೈ ಎತ್ತಿದ. "ತಡಿ. ಉಸುರು ತಗೊಂಡೈತಿ."

ನನ್ನ ಮಾತಿಗೆ ಒಂದು ಸಲವಾದರೂ ಹೀಗೆ ಕೈ ಎತ್ತಿ ಮನೆಯನ್ನು ಸುಮ್ಮನಿರಿಸಿದ್ದನೇ? ನಾನು ಎದ್ದು ಹೋಗಿ, ಗಡಿಯಾರದ ಪಕ್ಕದ ಪುಟ್ಟ ಬಾಗಿಲು ತೆಗೆದು, ಕೈ ತೂರಿಸಿ ಲೋಲಕವನ್ನು ಮುಷ್ಟಿಯಲ್ಲಿ ಹಿಡಿದೆ. ಟಿಕ್‌ಟಿಕ್ ನಿಂತಿತು. ಮುಳ್ಳು ನಾಲ್ಕು ಇಪ್ಪತ್ತಾರರಲ್ಲಿತ್ತು.

ಅಪ್ಪ ಬೈಯಲಿಲ್ಲ. ಗಡಿಯಾರವನ್ನೇ ನೋಡಿದ, ನನ್ನನ್ನಲ್ಲ. ಕಾಯುವುದಕ್ಕೆ ಏನೂ ಉಳಿದಿರಲಿಲ್ಲವಲ್ಲ. ಕಾರಿನ ಕೀ ತಗೊಂಡು ಎದ್ದು ಹೋದ.

ಮನೆಯಿಂದ ಎರಡೇ ರೌಂಡ್‌ಅಬೌಟ್ ಆಚೆ, ರಸ್ತೆಯ ಎಡಕ್ಕೆ ಅಚ್ಚುಕಟ್ಟಾಗಿ ನಿಲ್ಲಿಸಿದ ಕಾರಿನಲ್ಲಿ ಸಿಕ್ಕ. ಎದೆ ನಿಂತಿತ್ತು. ಪೊಲೀಸರ ಫೋನು ಬಂದು ನಾನು ಓಡಿ ಹೋದಾಗ ಇಂಡಿಕೇಟರ್ ಇನ್ನೂ ನಡೆದಿತ್ತು. ಟಿಕ್, ಟಿಕ್, ಟಿಕ್. ಪೊಲೀಸಿನವಳು ಒಳಗೆ ಬಗ್ಗಿ ಅದನ್ನು ಆಫ್ ಮಾಡಿದಳು.

ಅವ್ವ ಆಗ ಮನೆಯಲ್ಲೇ ಇದ್ದಳು. ವೃದ್ಧಾಶ್ರಮದಲ್ಲಿ ಕೆಲಸ ಮಾಡುವವಳು. ನಿಂತ ಎದೆಯನ್ನು ಒತ್ತಿ ನಡೆಸುವುದನ್ನು ಕಲಿತವಳು. ಆ ಐದು ಹೊಡೆತ ಬೀಳುವ ತನಕ ಅಪ್ಪ ಕೂತಿದ್ದರೆ, ಬಿದ್ದರೂ ಅವಳ ಮುಂದೆ ಬೀಳುತ್ತಿದ್ದ.

ಮಣ್ಣು ಮಾಡಿ ಬಂದ ದಿನ ಊರಿನ ಕನ್ನಡದವರಲ್ಲೇ ಹಿರಿಯರಾದ ಕಮಲಾ ಆಂಟಿ ಗೋಡೆಯ ಕಡೆ ನೋಡಿ ಅವ್ವನಿಗೆ, "ನೀಲಮ್ಮ, ನೋಡಿ, ಅವರು ಹೋದ ಟೈಮಿಗೇ ನಿಂತ್ಬಿಟ್ಟಿದೆ," ಅಂದರು. ಅವ್ವ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅಲ್ಲಿಂದ ಕತೆ ನೂರು ಕಿಲೋಮೀಟರ್ ಆಚೆಯ ಬಾಟನಿ ಡೌನ್ಸ್‌ವರೆಗೂ ಹೋಯಿತು. ಅವ್ವ ಪ್ರತಿ ಸೋಮವಾರ ಆ ಪುಟ್ಟ ಬಾಗಿಲು ತೆಗೆದು, ಒಳಗಿನ ಹಿತ್ತಾಳೆಗೆ ಮೂರು ಬೆರಳಿನಿಂದ ವಿಭೂತಿ ಹಚ್ಚತೊಡಗಿದಳು. ಅಪ್ಪನ ಕೈ ಆಡಿದ ಜಾಗ ಅದು ಅಂತ.

ನನಗೆ ದಿನಾ ನಾಲ್ಕೂವರೆಗೆ ಕೈ ನಿಲ್ಲುತ್ತಿತ್ತು. ಟೈರ್ ಅಂಗಡಿಯ ಗದ್ದಲದಲ್ಲೂ ಬೀಳದ ಐದು ಹೊಡೆತ ಕಾಯುತ್ತ ನಿಲ್ಲುತ್ತಿದ್ದೆ. ಮನೆಯಲ್ಲಿ ಅಪ್ಪನ ಕುರ್ಚಿಯಲ್ಲಿ ಯಾರೂ ಕೂರುತ್ತಿರಲಿಲ್ಲ, ಆದರೂ ಅದರ ಮುಂದೆ ಹಾಯುವಾಗ ಯಾರದೋ ಮೊಳಕಾಲು ತಾಗಬಾರದೆಂದು ನಾನು ಸರಿದೇ ಹೋಗುತ್ತಿದ್ದೆ. ಗಡಿಯಾರ ಉಸುರು ಒಳಗೆ ಹಿಡಿದುಕೊಂಡಿತ್ತು, ಬಿಟ್ಟಿರಲಿಲ್ಲ.

ವರ್ಷದ ಪುಣ್ಯಸ್ಮರಣೆಗೆ ಮೂರು ದಿನ ಇದ್ದಾಗ ಅವ್ವ ಅಂದಳು, "ಕಲ್ಲೇಶ, ಶನಿವಾರ ಗಡಿಯಾರ ನಡೀಬೇಕು."

"ಯಾರನ್ನಾರ ಕರಸು. ನನಗ ಬರೂದಿಲ್ಲ."

"ನಾಲ್ಕು ವರ್ಷ ಗ್ಯಾರೇಜಿನ ಬಾಗಲದಾಗ ನಿಂತು ಬೈಕೋಂತ ನೋಡೀದಿ. ಬರ್ತೈತಿ."

ಲೋಲಕ ತಳ್ಳಿದೆ. ಎರಡು ಸಲ ಆಡಿ ನಿಂತಿತು. ಬಿಚ್ಚಿ ನೋಡಿದರೆ ಒಂದೊಂದು ಅಚ್ಚಿನ ತೂತಿನಲ್ಲೂ ಎಣ್ಣೆಗೆ ವಿಭೂತಿ ಕಲೆತು ಬೂದು ಬಣ್ಣದ ಅಂಟು. ವರ್ಷವಿಡೀ ಹಚ್ಚಿದ ಭಸ್ಮ ಅಲ್ಲಿ ಸೇರಿ ಗಟ್ಟಿಯಾಗಿತ್ತು. ನಡೆಯುವ ಗಡಿಯಾರವಾಗಿದ್ದರೆ ಆ ಅಂಟು ಉಕ್ಕನ್ನೇ ತೇಯುತ್ತಿತ್ತು. ಅಪ್ಪ ಇದ್ದಿದ್ದರೆ ಮನೆ ಹಾರಿಹೋಗುವ ಹಾಗೆ ಕೂಗುತ್ತಿದ್ದ. ಮೊದಲ ಸಲ ಅವನ ಸಿಟ್ಟು ನನಗೆ ಬಂತು. ಸೀಮೆಎಣ್ಣೆಯಲ್ಲಿ ಗಾಲಿ ತೊಳೆದು, ಕಡ್ಡಿ ಚೂಪು ಮಾಡಿ ತೂತು ತಿರುವಿದೆ. ಕಡ್ಡಿ ಬಿಳಿಯಾಗಿ ಹೊರಗೆ ಬರುವ ತನಕ ತಿರುವಬೇಕು. ಹಾಗಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಕೈಗೆ ಗೊತ್ತಿತ್ತು.

ಮುಖದ ತಗಡಿನ ಹಿಂದೆ ಗಡಿಯಾರ ಬಿಚ್ಚಿ ರಿಪೇರಿ ಮಾಡಿದವರೆಲ್ಲ ಮೊಳೆಯಿಂದ ಹೆಸರು ಗೀಚಿದ್ದರು. ಮೂವರು ಡಚ್ಚರು, ಆಮೇಲೆ ವೀಬೆ, ಕೊನೆಗೆ ಕನ್ನಡದಲ್ಲಿ ಮೃತ್ಯುಂಜಯ. ಕೆಳಗೆ ಜಾಗ ಇತ್ತು. ನಾನು ಗೀಚಲಿಲ್ಲ. ನಿಲ್ಲಿಸಿದವನು ಅಲ್ಲಿ ಹೆಸರು ಹಾಕುವಂತಿಲ್ಲ.

"ಮುಳ್ಳು ಹನ್ನೆರಡಕ್ಕ ಇಡಲೇನು?" ಅವ್ವನನ್ನು ಕೇಳಿದೆ. ಹಾಗಿಟ್ಟರೆ ಆ ಐದು ಹೊಡೆತ ತಪ್ಪಿಸಬಹುದಿತ್ತು.

"ಎಲ್ಲಿ ನಿಂತಿತ್ತೋ ಅಲ್ಲಿಂದ ಶುರು ಮಾಡು," ಅಂದಳು. ಬಿಚ್ಚಿ ಕೂಡಿಸಿದ್ದರಿಂದ ಅದು ಹೊಸದಾಗಿ ಉಸುರು ತಗೊಳ್ಳಬೇಕಿತ್ತು, ಮುಳ್ಳನ್ನು ನಾಲ್ಕು ಇಪ್ಪತ್ತಾರಕ್ಕೆ ಕೂದಲೆಳೆ ಮೊದಲು ಇಟ್ಟೆ.

ಶನಿವಾರ ಊಟ ಮುಗಿದು ಹತ್ತು ಹನ್ನೆರಡು ಜನ ಪಡಸಾಲೆಯಲ್ಲಿ ಕೂತಿದ್ದರು. ಕುರ್ಚಿ ಸಾಲದೆ ಕೆಲವರು ನೆಲದ ಮೇಲೆ, ಆದರೆ ಅಪ್ಪನ ಕುರ್ಚಿ ಖಾಲಿ. ಅವ್ವ ಅದರ ಮುಂದೆ ಕಾಲು ಚಾಚಿ ಗೋಡೆಗೆ ಒರಗಿದ್ದಳು. ಕಮಲಾ ಆಂಟಿ ಹೊಸದಾಗಿ ಬಂದ ಒಬ್ಬ ಹುಡುಗಿಗೆ, "ಜೀವ ಹೋದ ಗಳಿಗೇಗೇ ನಿಂತಿದ್ದಮ್ಮ ಇದು. ಎಂಥಾ ಸಂಬಂಧ ನೋಡು," ಅನ್ನುತ್ತಿದ್ದರು.

ನಾನು ಲೋಲಕ ತಳ್ಳಿದೆ. ಟಿಕ್‌ಟಿಕ್ ಹಿಡಿಯಿತು. ಕೂಡಲೇ ಒಳಗೆ ಕಟ್ ಎಂದಿತು.

"ಅದು ತಾನ ನಿಂತಿಲ್ಲ, ಆಂಟಿ," ಅಂದೆ. "ನಾ ನಿಲ್ಲಿಸೀನಿ. ಅಪ್ಪನ ಕೂಡ ಜಗಳ ಆಡಿ, ಕೈ ಹಾಕಿ ನಿಲ್ಲಿಸೀನಿ. ಅದು ಹೊಡದಿದ್ರ ಅವ ಹೊರಗ ಹೋಗ್ತಿರಲಿಲ್ಲ."

ನಾನು ಅವ್ವನ ಮುಖ ನೋಡಿದೆ. ವರ್ಷದಿಂದ ಹೆದರಿದ್ದು ಅದೊಂದಕ್ಕೇ.

"ಗೊತ್ತೈತಿ," ಅಂದಳು. "ಟಿಕ್‌ಟಿಕ್ ನಿಂತದ್ದು ಅಡಗಿ ಮನಿಗೆ ಕೇಳಸ್ತು."

"ಮತ್ತ ಯಾಕ ಸುಮ್ಮನಿದ್ದಿ?"

"ಹೇಳಿದ್ರ ನೀನೂ ಕೀ ತಗೊಂಡು ಹೋಗ್ತಿದ್ದಿ." ಕೈ ಎತ್ತಿದಳು, ಥೇಟ್ ಅಪ್ಪನ ಹಾಗೆ. "ತಡಿ. ಉಸುರು ತಗೊಂಡೈತಿ."

ನಾಲ್ಕು ನಿಮಿಷ. ಒಬ್ಬರೂ ಏಳಲಿಲ್ಲ. ಆಮೇಲೆ ಸಣ್ಣ ಘಂಟೆ ಹೊಡೆಯಿತು. ಒಂದು, ಎರಡು, ಮೂರು, ನಾಲ್ಕು. ಐದು.

ಐದನೆಯದರ ಗುಂಯ್ ಅನ್ನುವ ಸದ್ದು ಆರುತ್ತಿದ್ದ ಹಾಗೆ ಖಾಲಿ ಕುರ್ಚಿ ಕಿರುಗುಟ್ಟಿತು. ಭಾರದ ಮನುಷ್ಯ ಎರಡೂ ಕೈ ಊರಿ ಎದ್ದಾಗ ಕಿರುಗುಟ್ಟುತ್ತಿತ್ತಲ್ಲ, ಹಾಗೆ. ಕಮಲಾ ಆಂಟಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ಅವ್ವ ಮಾತ್ರ ಚಾಚಿದ್ದ ಕಾಲನ್ನು ಮಡಚಿಕೊಂಡು ದಾರಿ ಬಿಟ್ಟಳು.