ಅಳಿಸುವ ಹಕ್ಕು

ಕೆಂಪು ಬಾಳೆಯ ಗೊನೆ, ಸೈಕಲ್ಲಿಗೆ ಕಟ್ಟಿದ್ದು, ಬಸ್ಸಿನ ಕಿಟಕಿಯಾಚೆ ಹಿಂದಕ್ಕೆ ಸರಿಯಿತು, ಅಂದರೆ ಕಮಲಾಪುರ ಬಂತು, ಇಳಿಯಬೇಕು, ಕೆಲಸ ಅರ್ಧ ತಾಸಿನದು — ಬ್ಯಾಕಪ್ ತೆಗೆಯಲು ಬೇರೆ ಯೂಸರ್ ಖಾತೆ ಮಾಡಿಕೊಡುವುದು, ಓದಿ ನಕಲು ಮಾಡುವ ಹಕ್ಕು ಮಾತ್ರ, ಅಳಿಸುವ ಹಕ್ಕು ಇಲ್ಲ — ಜಗತ್ ಬಡಾವಣೆಯ ನಮ್ಮ ಆಸ್ಪತ್ರೆಯಲ್ಲಿ, ಕಂಪ್ಯೂಟರ್ ನೋಡಿಕೊಳ್ಳುವ ನನಗೆ ಡಾಕ್ಟರು ಎಲ್ಲರೆದುರು ಅಂದದ್ದು, ನಜ್ಮಾ, ಆ ಮುದುಕನ ಕೈಯಾಗ ಇನ್ನ ಪೂರಾ ಹಕ್ಕಿನ ಪಾಸ್‌ವರ್ಡ್ ಕೊಡಬ್ಯಾಡ್ರಿ, ಮುದುಕ ಅಂದರೆ ಕಲ್ಯಾಣಪ್ಪ ಕಾಕಾ, ಹನ್ನೊಂದು ವರ್ಷ ರೋಗಿಗಳ ಕಾರ್ಡು ಬರೆದವರು, ಕಂಪ್ಯೂಟರ್ ಬಂದ ಮೇಲೆ ದಿನಾ ಸಂಜೆ ಐದಕ್ಕೆ ಬ್ಯಾಕಪ್ ತೆಗೆಯುತ್ತಿದ್ದವರು, ಅವರಿಗೂ ನನಗೂ ಒಂದೇ ಪಾಸ್‌ವರ್ಡ್, ಹಾಗಾಗಿ ಕ್ಷಯರೋಗಿಗಳ ಪಟ್ಟಿ ಅಳಿಸಿಹೋದ ದಿನ ಯಾರು ಅಳಿಸಿದ್ದೆಂದು ಕಂಪ್ಯೂಟರಿಗೂ ತಿಳಿಯಲಿಲ್ಲ, ನನಗೆ ತಿಳಿದಿತ್ತು, ಮಧ್ಯಾಹ್ನ ಪರೀಕ್ಷೆಗೆಂದು ಮಾಡಿದ ಪಟ್ಟಿ ತೆಗೆಯಲು ಹೋಗಿ ನಿಜವಾದ ಪಟ್ಟಿಯ ಹೆಸರು ಟೈಪ್ ಮಾಡಿ ಅಳಿಸಿಬಿಟ್ಟೆ, ಸುಮ್ಮನಿದ್ದೆ, ಸಂಜೆ ಕಾಕಾ ಏನೂ ಅರಿಯದೆ ಆ ಖಾಲಿಯನ್ನೇ ಹಳೆಯ ನಕಲಿನ ಮೇಲೆ ಬರೆದರು, ಕೊನೆಗೆ ಕಂಪ್ಯೂಟರಿನ ಮುಂದೆ ಕುಂತವರು ಅವರೇ, ತಪ್ಪು ಅವರದೇ ಎಂದಾಯಿತು, ವಾರದೊಳಗೆ ಕಮಲಾಪುರದ ಶಾಖೆಗೆ ಕಳಿಸಿದರು, ಪಟ್ಟಿಯಲ್ಲಿದ್ದ ರೋಗಿ ದುಂಡಮ್ಮ ಎಂಬಾಕೆ ಬಂದು, ಎಷ್ಟ್ ತಿಂಗಳ ಗುಳಿಗಿ ನುಂಗೀನೋ ನೀವೇ ಹೇಳ್ರೀ ಅಂದಳು, ಪಟ್ಟಿಯೇ ಇರಲಿಲ್ಲ, ಗುಳಿಗೆ ಮೊದಲಿನಿಂದ ಶುರು ಮಾಡಿಸಿದರು —

ಬಾರವ್ವಾ, ಬಿಸಲಾಗ ಬಂದಿ, ನೀರು ಕುಡಿ, ಶಾಖೆಯ ಬಾಗಿಲಲ್ಲಿ ಕಾಕಾ, ಅದೇ ದನಿ, ನೀರು ತಣ್ಣಗಿದೆ, ಯೂಸರ್ ತಯಾರಾಗಿದೆ, ಪಾಸ್‌ವರ್ಡ್ ನೀವೇ ಹಾಕಿರಿ ಕಾಕಾ, ನಾನು ನೋಡುವುದಿಲ್ಲ, ಗೋಡೆಯ ಕಡೆ ತಿರುಗುತ್ತೇನೆ, ಸುಣ್ಣ ಕಿತ್ತಿದೆ, ಒಂದೊಂದೇ ಗುಂಡಿಯ ಸದ್ದು, ಹಿಂದಿನಿಂದ ಅವರ ಮಾತು, ಇದರಾಗ ನನಗ ಏನೂ ಅಳಸಾಕ ಬರೂದಿಲ್ಲ ಹೌದಿಲ್ಲೋ, ಚಲೋ ಆತು ಬಿಡು, ನನಗ ನನ್ನ ಕೈ ಮ್ಯಾಲಿನ ಭರೋಸಾನೇ ಹೋಗ್ಯಾದ, ದಿನಾ ಕುಂತು ವಿಚಾರ ಮಾಡ್ತೀನಿ, ಅವತ್ತ ಯಾವ ಗುಂಡಿ ಒತ್ತಿದೆ ಅಂತ — ಹಾಗಾದರೆ ತಪ್ಪು ತಮ್ಮದೇ ಎಂದು ಕಾಕಾ ನಂಬಿಬಿಟ್ಟಿದ್ದಾರೆ, ಡಾಕ್ಟರಷ್ಟೇ ಅಲ್ಲ, ಇವರೂ, ಇಷ್ಟು ದಿನ ಹುಡುಕುತ್ತಿದ್ದಾರೆ, ಒತ್ತದ ಗುಂಡಿಯನ್ನು — ತಿರುಗಿದೆ, ಕಾಕಾ, ಅಳಸಿದ್ದು ನಾನು, ನೀವಲ್ಲ, ನಾಳೆ ಡಾಕ್ಟರಿಗೂ ಹೇಳ್ತೀನಿ, ಮಾತು ಸಲೀಸಾಗಿ ಬಂತು, ಬೇರೆಯವರದೆಂಬಂತೆ, ಫ್ಯಾನು ತಿರುಗುತ್ತಿದೆ, ಅವರು ನನ್ನ ಕಡೆ ನೋಡಲಿಲ್ಲ, ಪಾಸ್‌ವರ್ಡಿನ ಕೊನೆಯ ಗುಂಡಿಯ ಮೇಲೆ ಅವರ ತೋರುಬೆರಳು, ಒತ್ತಿದರೆ ಮುಗಿಯಿತು, ಒತ್ತುತ್ತಿಲ್ಲ, ಏನಾದರೂ ಅನ್ನಲಿ, ಬೈಯಲಿ, ಆ ಬೆರಳು, ಉಗುರಿನ ಸಂದಿಯಲ್ಲಿ ನೀಲಿ ಶಾಯಿ, ಗುಂಡಿಗೆ ಕೂದಲೆಳೆಯಷ್ಟು ಮೇಲೆ, ಆ ಬೆರಳು, ಮೇಲೇಳುತ್ತಲೂ ಇಲ್ಲ, ಇಳಿಯುತ್ತಲೂ ಇಲ್ಲ, ಆ ಬೆರಳು